ಓಡಿಹೋದವನೆಂದು ಕೊಂದರು, ಹೆಸರನ್ನೂ ಉಳಿಸಲಿಲ್ಲ: ಬೆಂಗಳೂರಿನ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಬೆಂಗಳೂರಿನಿಂದ ಆರಿಸಿ ದೆಹಲಿಗೆ ಹೋಗಿರುವ ನಿಮಗೆಲ್ಲ ಸೇರಿಸಿಯೇ ಈ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆಯಾಗಿ ಬರೆದದ್ದಾಯಿತು. ಕಚೇರಿಗೆ ಬಂದು ಕೈಯಲ್ಲಿ ಕೊಟ್ಟದ್ದೂ ಆಯಿತು. ಸ್ವೀಕೃತಿಯ ಸೀಲು ಬಿತ್ತು, ಅಷ್ಟೇ. ವರ್ಷಗಟ್ಟಲೆ ಕಾದೆ. ಇನ್ನು ನಾಲ್ಕು ಜನರಿಗೆ ಕೇಳುವ ಹಾಗೆ ಬರೆಯದೆ ಬೇರೆ ದಾರಿ ಕಾಣಲಿಲ್ಲ.

ನಾನು ಕೇಳುತ್ತಿರುವುದು ಇಷ್ಟು. ಮೊದಲನೇ ಮಹಾಯುದ್ಧದಲ್ಲಿ ಪಲ್ಟನ್ ಬಿಟ್ಟು ಓಡಿದರು, ಶತ್ರುವಿಗೆ ಹೆದರಿದರು, ಹುಕುಂ ಮೀರಿದರು ಅಂತ ಹೇಳಿ ಬ್ರಿಟಿಷರು ಗುಂಡಿಕ್ಕಿ ಕೊಂದ ಭಾರತೀಯ ಸಿಪಾಯಿಗಳ ಪಟ್ಟಿ ಮಾಡಿಸಿ. ಭಾರತದ ಹೆಸರಿನಲ್ಲಿ ಅವರಿಗೆ ಕ್ಷಮಾದಾನ ಘೋಷಿಸಿ. ಅವರ ಹೆಸರನ್ನೂ ಉಳಿದವರ ಹೆಸರಿನ ಜೊತೆಗೇ ಕಲ್ಲಿನಲ್ಲಿ ಕೆತ್ತಿಸಿ.

ದುಡ್ಡು ಕೇಳುತ್ತಿಲ್ಲ. ಪೆನ್ಷನ್ ಕೇಳುತ್ತಿಲ್ಲ. ಸೈಟು ಕೇಳುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಬಾಯಿ ಬಿಟ್ಟ ಕಡೆಯಲ್ಲೆಲ್ಲ ಎದುರಿನವರು ಮೊದಲು ಕೇಳಿದ್ದು "ಎಷ್ಟು ಬರಬೇಕು ನಿಮಗೆ?" ಅಂತಲೇ.

ನೀವು ಕಾನೂನು ಮಾಡುವವರು. ಬ್ರಿಟನ್ನಿನ 2006ರ ಆರ್ಮ್ಡ್ ಫೋರ್ಸಸ್ ಆಕ್ಟ್ ನಿಮಗೆ ಗೊತ್ತೇ ಇರುತ್ತದೆ. ಅದರ 359ನೇ ಸೆಕ್ಷನ್ ಪ್ರಕಾರ, 1914ರ ಆಗಸ್ಟ್ 4ರಿಂದ 1918ರ ನವೆಂಬರ್ 11ರವರೆಗೆ ನಡೆದ ಇಂಥ ತಪ್ಪುಗಳಿಗಾಗಿ ಕೊಲ್ಲಲ್ಪಟ್ಟ ಸೈನಿಕರಿಗೆಲ್ಲ ಕ್ಷಮಾದಾನ ಸಿಕ್ಕಿದೆ. ಅವರೂ ಯುದ್ಧಕ್ಕೆ ಬಲಿಯಾದವರೇ ಅಂತ ಆ ದೇಶ ಒಪ್ಪಿಕೊಂಡಿದೆ. ಅದೇ ಸೆಕ್ಷನ್ನಿನಲ್ಲಿ 1911ರ ಇಂಡಿಯನ್ ಆರ್ಮಿ ಆಕ್ಟಿನ ಹೆಸರೂ ಇದೆ. ಅಂದರೆ ನಮ್ಮ ಸಿಪಾಯಿಗಳೂ ಅದರೊಳಗೆ ಬರುತ್ತಾರೆ. ಕೊಂದವರ ಪಾರ್ಲಿಮೆಂಟಿಗೆ ನಮ್ಮವರ ನೆನಪಾಯಿತು. ನಮ್ಮ ಪಾರ್ಲಿಮೆಂಟಿನಿಂದ ಅಂಥ ಒಂದು ಕಾಯ್ದೆ ಬಂದಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಬೇರೆ ದೇಶಗಳು ಸುಮ್ನೆ ಕೂರಲಿಲ್ಲ. ನ್ಯೂಜಿಲೆಂಡ್ 2000ರಲ್ಲೇ ತನ್ನದೇ ಕಾಯ್ದೆ ಮಾಡಿ ತನ್ನ ಐದು ಜನರಿಗೆ ಕ್ಷಮಾದಾನ ಕೊಟ್ಟಿತು. ಐದೇ ಜನ! ಆ ಐವರಿಗೋಸ್ಕರ ಒಂದು ಕಾಯ್ದೆ. ಕೆನಡಾ 2001ರಲ್ಲಿ ತನ್ನ 23 ಜನರ ಬಗ್ಗೆ ಪಾರ್ಲಿಮೆಂಟಿನಲ್ಲಿ ವಿಷಾದ ಹೇಳಿ, ಅವರ ಹೆಸರನ್ನು ಯುದ್ಧಸ್ಮರಣೆಯ ಪುಸ್ತಕಕ್ಕೆ ಸೇರಿಸಿತು. ಐರ್ಲೆಂಡ್ ಮಾಡಿದ್ದನ್ನು ನೀವು ಮುಖ್ಯವಾಗಿ ನೋಡಬೇಕು. ಅದೂ ನಮ್ಮ ಹಾಗೆ ಬ್ರಿಟಿಷರ ಕೈಯಲ್ಲಿದ್ದು ಬಿಡಿಸಿಕೊಂಡ ದೇಶ. ಬ್ರಿಟಿಷ್ ಸಮವಸ್ತ್ರ ಹಾಕಿದವರನ್ನು ಅಲ್ಲಿ ಬಹಳ ಕಾಲ ಯಾರೂ ನೆನೆಯುತ್ತಿರಲಿಲ್ಲ. ಆದರೂ ಅಲ್ಲಿನ ಸರ್ಕಾರ 26 ಐರಿಷ್ ಸೈನಿಕರ ಕೋರ್ಟ್ ಮಾರ್ಷಲ್ (ಸೈನ್ಯದ ಕೋರ್ಟಿನ ವಿಚಾರಣೆ) ಕಡತಗಳನ್ನು ಒಂದೊಂದಾಗಿ ಓದಿಸಿ, ವರದಿ ಬರೆಸಿ, 2004ರಲ್ಲಿ ಲಂಡನ್ನಿಗೆ ಕೊಟ್ಟಿತು. ಇವರು ನಮ್ಮವರು, ಇವರಿಗೆ ಅನ್ಯಾಯವಾಗಿದೆ ಅಂತ ಸರ್ಕಾರವೇ ಹೋಗಿ ಕೇಳಿತು.

ನಮ್ಮವರ ಪರವಾಗಿ ಯಾರು ಕೇಳಿದರು?

ಬ್ರಿಟನ್ನಿನಲ್ಲಿ ಕೂಡ ಇದು ತಾನಾಗಿ ಆದದ್ದಲ್ಲ. ಆಂಡ್ರ್ಯೂ ಮೆಕಿನ್‌ಲೆ ಅನ್ನುವ ಒಬ್ಬ ಸಂಸದ ವರ್ಷಗಟ್ಟಲೆ ಬಿಡದೆ ಬೆನ್ನು ಹತ್ತಿದ. ಖಾಸಗಿ ಮಸೂದೆ ತಂದ. ಚರಿತ್ರೆಯನ್ನು ಈಗ ತಿದ್ದಲಾಗದು ಅಂತ 1993ರಲ್ಲಿ ಪ್ರಧಾನಿ ಜಾನ್ ಮೇಜರ್ ಕೈ ಝಾಡಿಸಿದರು. 1998ರಲ್ಲಿ ಸರ್ಕಾರ ವಿಷಾದ ಹೇಳಿತು, ಕ್ಷಮಾದಾನ ಆಗದು ಅಂದಿತು. ಆದರೂ ಮನೆಯವರು ಬಿಡಲಿಲ್ಲ. ಹ್ಯಾರಿ ಫಾರ್ ಅನ್ನುವ ಸಿಪಾಯಿಯನ್ನು 1916ರ ಅಕ್ಟೋಬರ್ 18ರಂದು ಹೇಡಿ ಅಂತ ಗುಂಡಿಕ್ಕಿದ್ದರು. 25 ವರ್ಷದ ಹುಡುಗ. ಅದಕ್ಕೂ ಮುಂಚೆ ಶೆಲ್ಲುಗಳ ಸದ್ದಿಗೆ ನಡುಕ ಹತ್ತಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದವನು. ವಿಚಾರಣೆಯಲ್ಲಿ ಅವನ ಪರ ಮಾತಾಡಲು ಒಬ್ಬ ವಕೀಲನೂ ಇರಲಿಲ್ಲ. ಹೆಂಡತಿಗೆ ಬರುತ್ತಿದ್ದ ದುಡ್ಡು ನಿಂತಿತು. ಅವನ ಮಗಳು ಗರ್ಟ್ರೂಡ್ ಹ್ಯಾರಿಸ್, ತೊಂಬತ್ತು ದಾಟಿದ ಅಜ್ಜಿ, ಕೋರ್ಟಿಗೆ ಹೋಗಿ ಕೂತರು. 2006ರ ಆಗಸ್ಟಿನಲ್ಲಿ ರಕ್ಷಣಾ ಸಚಿವ ಡೆಸ್ ಬ್ರೌನ್ ಹೀಗೆ ಕೊಲ್ಲಲ್ಪಟ್ಟ 306 ಜನರಿಗೂ ಕ್ಷಮಾದಾನ ಘೋಷಿಸಿದರು. ಆ 306 ಜನರ ನೆನಪಿಗೆ ಸ್ಟಾಫರ್ಡ್‌ಶೈರಿನಲ್ಲಿ ಒಂದು ಸ್ಮಾರಕ ಮೊದಲೇ ಇತ್ತು. ಕಣ್ಣಿಗೆ ಬಟ್ಟೆ ಕಟ್ಟಿ, ಕೈ ಹಿಂದಕ್ಕೆ ಕಟ್ಟಿದ ಹುಡುಗನ ವಿಗ್ರಹ. ಅವನ ಹಿಂದೆ ಒಬ್ಬೊಬ್ಬರಿಗೂ ಒಂದೊಂದು ಗೂಟ, ಗೂಟದ ಮೇಲೆ ಹೆಸರು. ಆ ವಿಗ್ರಹಕ್ಕೆ ಮಾದರಿ ಹರ್ಬರ್ಟ್ ಬರ್ಡನ್, ಸಾಯುವಾಗ 17 ವರ್ಷ. ವಯಸ್ಸು ಸುಳ್ಳು ಹೇಳಿ ಭರ್ತಿಯಾದವನು.

ಅವರಿಗೆ ಸಂಖ್ಯೆ ಇದೆ, ಹೆಸರಿದೆ, ಗೂಟವಾದರೂ ಇದೆ. ನಮ್ಮವರದ್ದು? ನಾನು ಕೇಳಿದ ಯಾವ ಕಚೇರಿಯೂ ಒಂದು ಪಟ್ಟಿ ತೋರಿಸಲಿಲ್ಲ. 1915ರಲ್ಲಿ ಸಿಂಗಾಪುರದಲ್ಲಿ ದಂಗೆ ಎದ್ದ ಭಾರತೀಯ ಪಲ್ಟನ್ 5ನೇ ಲೈಟ್ ಇನ್‌ಫೆಂಟ್ರಿಯ ಕಥೆ ಗೊತ್ತಾಗುತ್ತದೆ, ಯಾಕೆಂದರೆ ಅಲ್ಲಿ 47 ಜನರನ್ನು ಜೈಲಿನ ಗೋಡೆಗೆ ನಿಲ್ಲಿಸಿ ಸಾವಿರಾರು ಜನರೆದುರು ಗುಂಡಿಕ್ಕಿದರು. ಫೋಟೋ ಕೂಡ ಇದೆ. ಯಾರೂ ನೋಡದ ಕಡೆ, ಮರಳುಗಾಡಿನ ಯಾವುದೋ ಕ್ಯಾಂಪಿನಲ್ಲಿ, ಒಂಟಿಯಾಗಿ ಸತ್ತವನ ಕಥೆಯನ್ನು ಯಾರು ಬರೆದಿಟ್ಟರು?

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ನನ್ನ ಅಜ್ಜಿಯ ಅಪ್ಪ ಹೊಸಕೋಟೆ ಕಡೆಯವರು. ಬೆಂಗಳೂರು ದಂಡಿಗೆ ಬಂದು ಭರ್ತಿಯಾಗಿ, ಮೆಸೊಪೊಟೇಮಿಯಾಕ್ಕೆ, ಈಗಿನ ಇರಾಕಿಗೆ, ತುರ್ಕಿ ಸೈನ್ಯದ ಎದುರು ಯುದ್ಧಕ್ಕೆ ಹೋದವರು. ಅಜ್ಜಿಗೆ ಆಗ ಮೂರೋ ನಾಲ್ಕೋ ವರ್ಷ. ತಿಂಗಳು ತಿಂಗಳೂ ಮನಿಯಾರ್ಡರ್ ಬರುತ್ತಿತ್ತಂತೆ. ಒಂದು ತಿಂಗಳು ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ. ತಂತಿ ಇಲ್ಲ, ಕಾಗದ ಇಲ್ಲ. ಮುತ್ತಜ್ಜಿ ಹೋಗಿ ಪೋಸ್ಟಿನವನನ್ನು ಕೇಳಿದರೆ ಅವನಿಗೇನು ಗೊತ್ತು?

ಯುದ್ಧ ಮುಗಿದ ಮೇಲೆ ಪಕ್ಕದೂರಿನ ಒಬ್ಬರು ವಾಪಸ್ ಬಂದರು. ಅದೇ ಪಲ್ಟನ್ನಿನವರು. ಮನೆಯೊಳಗೆ ಬರದೆ ಜಗಲಿಯ ಮೇಲೇ ಕೂತು ಹೇಳಿದರಂತೆ: "ತುರುಕರ ಗುಂಡಿಗೆ ಸಾಯ್ಲಿಲ್ಲ ಕಣಮ್ಮ. ನಮ್ಮೋರೇ ಕೊಂದ್ರು."

ಅವರು ಹೇಳಿದ್ದನ್ನು ಅಜ್ಜಿ ನನಗೆ ಎಷ್ಟೋ ಸಲ ಹೇಳಿದ್ದಾರೆ. ತರಕಾರಿಯ ಮುಖವನ್ನೇ ನೋಡದೆ ತಿಂಗಳುಗಳು ಕಳೆದಿದ್ದವು. ಒಸಡು ಬಾತು ಕೊಳೆತು ರಕ್ತ ಬರುತ್ತಿತ್ತು. ರೊಟ್ಟಿ ಅಗಿಯಲು ಆಗುತ್ತಿರಲಿಲ್ಲ. ತಗಡಿನ ಮಗ್ಗಿನಲ್ಲಿ ರೊಟ್ಟಿ ನೆನೆಹಾಕಿ, ಬೆರಳಲ್ಲಿ ಹಿಸುಕಿ, ಗಂಟಲಿಗೆ ಇಳಿಸುತ್ತಿದ್ದರಂತೆ. ಜ್ವರ ಬೇರೆ. ಒಂದು ರಾತ್ರಿ ಮುತ್ತಜ್ಜ ಎದ್ದು ನಡೆದುಬಿಟ್ಟರು. ಬಂದೂಕು ಅಲ್ಲೇ ಬಿಟ್ಟಿದ್ದರು. ಎರಡು ದಿನದಲ್ಲಿ ಹುಡುಕಿ ಹಿಡಿದರು. ನದಿಯ ದಡದಲ್ಲಿ ಸುಮ್ನೆ ಕೂತಿದ್ದರಂತೆ. ಎಲ್ಲಿಗೆ ಹೊರಟಿದ್ದೆ ಅಂದರೆ "ಊರಿಗೆ" ಅಂದರಂತೆ.

ಸಮುದ್ರ ದಾಟಿ ಹಡಗಿನಲ್ಲಿ ಬಂದ ಮನುಷ್ಯ ನಡೆದುಕೊಂಡು ಹೊಸಕೋಟೆಗೆ ಹೋಗುತ್ತೇನೆ ಅಂದರೆ ಅವರ ತಲೆ ನೆಟ್ಟಗಿತ್ತಾ? ಒಬ್ಬ ಡಾಕ್ಟರು ಕೂತು ಮಾತಾಡಿಸಬೇಕಿತ್ತು ಅಲ್ವಾ? ಮೂವರು ಅಧಿಕಾರಿಗಳು ಕೂತರೆ ಕೋರ್ಟ್ ಆಗುತ್ತಿತ್ತು. ಅಧಿಕಾರಿಗಳ ಮಾತು ಮುತ್ತಜ್ಜನಿಗೆ ಅರ್ಥವಾಗದು, ಮುತ್ತಜ್ಜನ ಮಾತು ಅವರಿಗೆ ಅರ್ಥವಾಗದು. ಮಾರನೇ ವಾರ ಕೆಲಸ ಮುಗಿಯಿತು.

ಇದನ್ನೆಲ್ಲ ಮನೆಯವರು ಕಟ್ಟಿದ ಕಥೆ ಅಂತ ನೀವು ಅನ್ನಬಹುದು. ಮೆಸೊಪೊಟೇಮಿಯಾದಲ್ಲಿ ಸಿಪಾಯಿಗಳು ಸಾವಿರಾರು ಸಂಖ್ಯೆಯಲ್ಲಿ ಸ್ಕರ್ವಿ, ಅಂದರೆ ಹಣ್ಣು ತರಕಾರಿ ಇಲ್ಲದೆ ಒಸಡು ಕೊಳೆಯುವ ಕಾಯಿಲೆ, ಬಂದು ಬಿದ್ದದ್ದು ನಮ್ಮ ಮನೆಯ ಕಥೆಯಲ್ಲ. ಔಷಧಿ, ದೋಣಿ, ಆಸ್ಪತ್ರೆ ಯಾವುದೂ ಸರಿಯಿರಲಿಲ್ಲ ಅಂತ ಬ್ರಿಟಿಷರದ್ದೇ ಮೆಸೊಪೊಟೇಮಿಯಾ ಕಮಿಷನ್ 1917ರಲ್ಲಿ ವರದಿ ಕೊಟ್ಟಿತು. ಭಾರತದ ಉಸ್ತುವಾರಿಯಿದ್ದ ಮಂತ್ರಿ ಆಸ್ಟೆನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ಆಮೇಲೆ ಮತ್ತೆ ಮಂತ್ರಿಯಾದರು, ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಊಟ ಸರಿಯಾಗಿ ಕಳಿಸದವರಿಗೆ ಒಂದು ರಾಜೀನಾಮೆ ಸಾಕಾಯಿತು. ಆ ಊಟವಿಲ್ಲದೆ ತಲೆ ಕೆಟ್ಟು ಎದ್ದು ನಡೆದವನಿಗೆ ಗುಂಡು.

ಸತ್ತವರದ್ದು ಅಲ್ಲಿಗೆ ಮುಗಿಯಿತು. ಉಳಿದವರದ್ದು ಮುಗಿಯಲಿಲ್ಲ. ನಮ್ಮದು "ಓಡಿಹೋದೋನ ಮನೆ" ಆಯಿತು. ಊರಹಬ್ಬದಲ್ಲಿ ತಾಂಬೂಲ ಮುತ್ತಜ್ಜಿಯನ್ನು ದಾಟಿ ಮುಂದೆ ಹೋಗುತ್ತಿತ್ತಂತೆ. ಅಜ್ಜಿಗೆ ಬಂದ ಸಂಬಂಧಗಳೆಲ್ಲ ಊರಿನ ಅರಳಿಕಟ್ಟೆಯಲ್ಲೇ ಮುರಿದವು. ಕೊನೆಗೆ ಹಲಸೂರಿನಲ್ಲಿದ್ದ, ಎರಡು ಮಕ್ಕಳಿದ್ದ ವಿಧುರನಿಗೆ ಎರಡನೇ ಸಂಬಂಧವಾಗಿ ಕೊಟ್ಟರು. ಆ ಮದುವೆಯಿಂದಲೇ ನಾವೆಲ್ಲ ಹುಟ್ಟಿದ್ದು. ನಾನು 1978ರಲ್ಲಿ ಸೈನ್ಯಕ್ಕೆ ಸೇರಿದೆ. ದಂಡು ರೈಲ್ವೆ ಸ್ಟೇಷನ್ನಿನಲ್ಲಿ ಅಜ್ಜಿ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಏನೇ ಆದ್ರೂ ಹೇಳ್ದೆ ಬರ್ಬೇಡ ಕಣಪ್ಪ. ಹೇಳ್ಬಿಟ್ಟು ಬಾ."

ಆ ಮಾತಿನ ತೂಕ ನನಗೆ ಸೈನ್ಯದಲ್ಲೇ ತಿಳಿಯಿತು. ನಾನು ಕ್ಲರ್ಕ್ ಟ್ರೇಡಿನವನು. ರಜೆ ಮುಗಿದರೂ ಬಾರದ ಹುಡುಗರನ್ನು ಹಿಡಿದು ಕೊಡಿ ಅಂತ ಕಳಿಸುವ ವಿವರಪಟ್ಟಿ, ಅಪ್ರಿಹೆನ್ಷನ್ ರೋಲ್, ಟೈಪ್ ಮಾಡುತ್ತಿದ್ದವನೇ ನಾನು. ನಂಬರು, ಹೆಸರು, ಅಪ್ಪನ ಹೆಸರು, ಊರು, ಪೋಸ್ಟು, ಪೊಲೀಸ್ ಠಾಣೆ, ಎಡ ಹುಬ್ಬಿನ ಮೇಲೆ ಗಾಯದ ಗುರುತು. ಒಂದು ಪ್ರತಿ ಎಸ್‌ಪಿಗೆ, ಒಂದು ಡಿಸಿಗೆ. 30 ದಿನ ಕಳೆದರೆ ಆರ್ಮಿ ಆಕ್ಟಿನ 106ನೇ ಸೆಕ್ಷನ್ ಪ್ರಕಾರ ಸೈನ್ಯದೊಳಗಿನ ತನಿಖೆ, ಅಂದರೆ ಕೋರ್ಟ್ ಆಫ್ ಎನ್‌ಕ್ವೈರಿ. ಬ್ಯಾರಕ್ಕಿನಲ್ಲಿ ಅಷ್ಟರೊಳಗೆ ಅವನ ಹೆಸರು ಭಗೋಡಾ, ಅಂದರೆ ಓಡಿಹೋದವನು, ಅಂತಲೇ ಆಗಿರುತ್ತಿತ್ತು. ಆದರೆ ಎಷ್ಟೋ ಜನ ತಾವಾಗಿಯೇ ಬಂದರು. ಅಮ್ಮನಿಗೆ ಕಾಯಿಲೆ, ಜಮೀನಿನ ತಗಾದೆ, ಹೆಂಡತಿ ತವರಿಗೆ ಹೋದಳು, ಇಂಥವೇ ಕಾರಣ. ಪಲ್ಟನ್ನಿನ ಮುಖ್ಯಸ್ಥರಾದ ಸಿಒ ಸಾಹೇಬರು ಕೇಳಿ, ಬೈದು, 28 ದಿನದ ಶಿಕ್ಷೆ ಕೊಟ್ಟು ಕ್ವಾರ್ಟರ್ ಗಾರ್ಡಿನ ಲಾಕಪ್ಪಿಗೆ ಕಳಿಸುತ್ತಿದ್ದರು. ಅವರಲ್ಲಿ ಕೆಲವರು ಆಮೇಲೆ ಒಳ್ಳೇ ಹವಾಲ್ದಾರರಾಗಿ ಪೆನ್ಷನ್ ತೆಗೆದುಕೊಂಡರು. ಮಾತು ಕೇಳಿಸಿಕೊಳ್ಳುವವರು ಇದ್ದರೆ ಆಗುವುದು ಹೀಗೆ.

ನೀವು ಕೇಳಬಹುದು, ಹೆದರದೆ ನಿಂತು ಸತ್ತವರಿಗೆ ಇದರಿಂದ ಅವಮಾನ ಆಗುವುದಿಲ್ಲವೇ ಅಂತ. ಇದು ದೊಡ್ಡ ಪ್ರಶ್ನೆ. ಸಮವಸ್ತ್ರ ಹಾಕಿದ್ದ ನಾನು ಇದನ್ನು ಹಗುರವಾಗಿ ತಳ್ಳುವುದಿಲ್ಲ. ಯುದ್ಧದ ಹೊತ್ತಿನಲ್ಲಿ ಜೊತೆಯವನನ್ನು ಬಿಟ್ಟು ಹೋಗುವುದು ತಪ್ಪು. ತಪ್ಪಿಗೆ ಶಿಕ್ಷೆ ಬೇಕು. ನಮ್ಮ 1950ರ ಆರ್ಮಿ ಆಕ್ಟಿನ 38ನೇ ಸೆಕ್ಷನ್ನಿನಲ್ಲಿ, ಯುದ್ಧಕಾಲದಲ್ಲಿ ಓಡಿದರೆ ಮರಣದಂಡನೆ ಕೊಡಬಹುದು ಅಂತ ಇವತ್ತಿಗೂ ಇದೆ. ಅದನ್ನು ತೆಗೆಯಿರಿ ಅಂತ ನಾನು ಇಲ್ಲಿ ಕೇಳುತ್ತಿಲ್ಲ, ಅದು ಬೇರೆ ಚರ್ಚೆ. ನಾನು ಕೇಳುತ್ತಿರುವುದು ಆಗ ಕೊಟ್ಟ ಶಿಕ್ಷೆ ನ್ಯಾಯವಾಗಿತ್ತೇ ಅಂತ. ಬ್ರಿಟಿಷ್ ಸೈನ್ಯದಲ್ಲೇ ಆ ಯುದ್ಧದಲ್ಲಿ ಸುಮಾರು 3,000 ಮರಣದಂಡನೆ ಬರೆದರು. ಹತ್ತರಲ್ಲಿ ಒಂಬತ್ತನ್ನು ಆಮೇಲೆ ಕಡಿಮೆ ಮಾಡಿದರು. ಹತ್ತನೆಯವನನ್ನು ಕೊಂದರು. ಅವನು ಮಾಡಿದ ತಪ್ಪು ಉಳಿದವರಿಗಿಂತ ಜಾಸ್ತಿ ಅಂತಲ್ಲ. ಆ ವಾರ ಪಲ್ಟನ್ನಿಗೆ ಒಂದು ಪಾಠ ಬೇಕು ಅಂತ ಮೇಲಿನವರಿಗೆ ಅನಿಸಿದರೆ ಸಾಕಿತ್ತು. ಇನ್ನು ನಮ್ಮ ಸಿಪಾಯಿಯನ್ನು ಅವರು ಹೇಗೆ ನೋಡುತ್ತಿದ್ದರು ಅನ್ನುವುದಕ್ಕೆ ಇದೊಂದು ಸಾಕು: ಬ್ರಿಟಿಷ್ ಸೈನಿಕನಿಗೆ ಚಾಟಿ ಏಟು 1881ರಲ್ಲೇ ನಿಂತಿತ್ತು, ಭಾರತೀಯನಿಗೆ 1920ರವರೆಗೂ ನಿಲ್ಲಲಿಲ್ಲ.

ನಿಂತು ಸತ್ತವರ ಮಾನದ ಬಗ್ಗೆ ಅಷ್ಟು ಕಾಳಜಿ ಇದ್ದರೆ, ಇರಾಕಿನ ಬಸ್ರಾದ ಯುದ್ಧ ಸ್ಮಾರಕದಲ್ಲಿ ಏನಿದೆ ನೋಡಿ. ಅಲ್ಲಿ 40,000ಕ್ಕೂ ಜಾಸ್ತಿ ಜನರ ಲೆಕ್ಕ ಇದೆ. ಬ್ರಿಟಿಷರ ಹೆಸರುಗಳನ್ನು ಕೆತ್ತಿದ್ದಾರೆ. ಭಾರತದ ಸಾಮಾನ್ಯ ಸಿಪಾಯಿಗಳಿಗೆ ಹೆಸರಿಲ್ಲ, ಪಲ್ಟನ್‌ವಾರು ಸಂಖ್ಯೆ ಮಾತ್ರ. 2021ರ ಏಪ್ರಿಲಿನಲ್ಲಿ, ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ತಾನೇ ಒಪ್ಪಿಕೊಂಡಿತು: ಒಂದು ಲಕ್ಷಕ್ಕೂ ಮೀರಿದ ಜನರಿಗೆ, ಹೆಚ್ಚಿನವರು ಆಫ್ರಿಕಾದವರು ಮತ್ತು ನಮ್ಮ ಕಡೆಯವರು, ಹೆಸರು ಹಾಕಿಲ್ಲ ಅಥವಾ ನೆನಪನ್ನೇ ಉಳಿಸಿಲ್ಲ ಅಂತ. ಕ್ಷಮೆ ಕೇಳಿತು. ಅಂದರೆ ಓಡಿದವನಿಗೂ ಹೆಸರಿಲ್ಲ, ನಿಂತವನಿಗೂ ಹೆಸರಿಲ್ಲ. ಇಬ್ಬರನ್ನೂ ಒಂದೇ ಗುಂಡಿಗೆ ಹಾಕಿ ಮುಚ್ಚಿದರು. ಪಟ್ಟಿ ಮಾಡಲು ಕೂತರೆ ಇಬ್ಬರ ಹೆಸರೂ ಸಿಗುತ್ತವೆ.

ಇನ್ನೊಂದು ವಿಷಯ, ಯಾರೂ ಎತ್ತದ ವಿಷಯ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯ ಬಿಟ್ಟು ನೇತಾಜಿಯವರ ಆಜಾದ್ ಹಿಂದ್ ಫೌಜ್ ಸೇರಿದವರು ಬ್ರಿಟಿಷರ ಕಾನೂನಿನಲ್ಲಿ ಪಲ್ಟನ್ ಬಿಟ್ಟವರೇ. ಕೆಂಪು ಕೋಟೆಯಲ್ಲಿ ಶಾ ನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ಮೇಲೆ ಕೋರ್ಟ್ ಮಾರ್ಷಲ್ ನಡೆದಾಗ ಇಡೀ ದೇಶ ಬೀದಿಗೆ ಬಂತು. ಸ್ವಾತಂತ್ರ್ಯ ಬಂದ ಮೇಲೆ ಆ ಸೈನಿಕರಿಗೆ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯೂ ಬಂತು. ಬರಬೇಕಾದದ್ದೇ, ನನಗೆ ಅವರ ಮೇಲೆ ಅಪಾರ ಗೌರವ. ಬ್ರಿಟಿಷ್ ರಾಜನಿಗೆ ಮಾಡಿದ ಪ್ರಮಾಣ ಮುರಿದದ್ದು ನಮ್ಮ ಕಣ್ಣಿಗೆ ಅಪರಾಧವಲ್ಲ ಅಂತ ಈ ದೇಶ ಅವತ್ತೇ ತೀರ್ಮಾನ ಮಾಡಿದೆ. ಹಾಗಿದ್ದ ಮೇಲೆ, ಅದೇ ರಾಜನ ಯುದ್ಧದಲ್ಲಿ, ಯಾರದ್ದೋ ಎಣ್ಣೆಗಾಗಿ ಯಾರದ್ದೋ ನದಿಯ ದಡದಲ್ಲಿ, ಕಾಯಿಲೆ ಬಿದ್ದು ಎದ್ದು ನಡೆದ ಬಡವ ಯಾಕೆ ಇನ್ನೂ ಅಪರಾಧಿ? ಅವನಿಗೆ ಘೋಷಣೆ ಕೂಗಲು ಬರಲಿಲ್ಲ. ಊರಿಗೆ ಹೋಗಬೇಕು ಅನಿಸಿತು, ಅಷ್ಟೇ.

ಈಗ ನನ್ನನ್ನು ಈ ಪತ್ರಕ್ಕೆ ತಳ್ಳಿದ ಘಟನೆ ಹೇಳುತ್ತೇನೆ.

ದೆಹಲಿಗೆ ಆನ್‌ಲೈನಿನಲ್ಲಿ ಮನವಿ ಹಾಕಿದ್ದೆ. ಇಂಡಿಯನ್ ಆರ್ಮಿ ಆಕ್ಟಿನಡಿ ಮರಣದಂಡನೆಯಾದವರ ದಾಖಲೆ ಎಲ್ಲಿದೆ, ಪಟ್ಟಿ ಮಾಡುವಿರಾ ಅಂತ ಕೇಳಿದ್ದೆ. ಅದು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿ ಕೊನೆಗೆ ಬೆಂಗಳೂರಿನ ಒಂದು ಕಚೇರಿಗೆ ಬಂತು. ದಾಖಲೆ ತೆಗೆದುಕೊಂಡು ಬನ್ನಿ ಅಂತ ಫೋನು ಬಂತು. ಆಸೆಯಿಂದ ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೆಡಲ್ ಕೂಡ ಹಾಕಿಕೊಂಡು ಹೋದೆ.

ಕೌಂಟರಿನಲ್ಲಿದ್ದವರು ಫೈಲು ನೋಡಿ, "ಪೆನ್ಷನರ್ ಲೈಫ್ ಸರ್ಟಿಫಿಕೇಟ್ ಎಲ್ಲಿ?" ಅಂದರು. ಅವರು ಸತ್ತು ನೂರು ವರ್ಷವಾಯಿತು ಅಂದೆ. "ಹಾಗಾದ್ರೆ ಡೆತ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಬುಕ್ ಕೊಡಿ" ಅಂದರು. ಅವರನ್ನು ಡಿಸ್ಚಾರ್ಜ್ ಮಾಡಲಿಲ್ಲ, ಗುಂಡಿಕ್ಕಿ ಕೊಂದರು, ಆ ಕಾಗದವನ್ನೇ ನಾನು ಹುಡುಕುತ್ತಿರುವುದು ಅಂದೆ. ಅವರು ತಲೆ ಎತ್ತಿ, ಆ ಕೊನೆಯ ಮೇಜಿನಲ್ಲಿದ್ದವರಿಗೆ ಕೇಳುವ ಹಾಗೆ ಕೂಗಿದರು: "ಸಾರ್, ಭಗೋಡಾ ಕೇಸ್. ಫ್ಯಾಮಿಲಿ ಪೆನ್ಷನ್ ಬರಲ್ಲ ಅಂತ ಬರೆದು ಕ್ಲೋಸ್ ಮಾಡ್ಲಾ?"

ಬೆಂಚಿನ ಮೇಲೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅವರಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಣ್ಣುಮಕ್ಕಳಿದ್ದರು. ನನ್ನ ಹಾಗೆ ಮೆಡಲ್ ಹಾಕಿಕೊಂಡು ಬಂದ ಮುದುಕರಿದ್ದರು. ಪಕ್ಕದಲ್ಲಿ ಕೂತಿದ್ದವರೊಬ್ಬರು ಸ್ವಲ್ಪ ಸರಿದು ಕೂತರು. ಮಾನ್ಯರೇ, ಊರಹಬ್ಬದ ತಾಂಬೂಲ ಅವತ್ತು ನನ್ನನ್ನೂ ದಾಟಿ ಹೋಯಿತು. ಸೈನ್ಯದಲ್ಲಿ ನಾನು ಕಳೆದ ಜೀವಮಾನ, ನನ್ನ ಎದೆಯ ಮೇಲಿದ್ದ ಮೆಡಲ್, ಯಾವುದೂ ಆ ಒಂದು ಮಾತನ್ನು ತಡೆಯಲಿಲ್ಲ. ಆಮೇಲೆ ಉತ್ತರ ಬಂತು. "ಅರ್ಜಿದಾರರ ಪಿಂಚಣಿ ಮನವಿಯನ್ನು ದಾಖಲೆಗಳ ಕೊರತೆಯ ಕಾರಣ ಮುಕ್ತಾಯಗೊಳಿಸಲಾಗಿದೆ." ನಾನು ಪಿಂಚಣಿ ಕೇಳಿಯೇ ಇರಲಿಲ್ಲ! ಮನವಿಯ ಮೊದಲ ಸಾಲನ್ನೂ ಯಾರೂ ಓದಿಲ್ಲ.

ಆ ಕೌಂಟರಿನವರ ಮೇಲೆ ನನಗೆ ದ್ವೇಷವಿಲ್ಲ. ಅವರ ಮುಂದೆ ಇದಕ್ಕೊಂದು ಆದೇಶವಿಲ್ಲ, ಫಾರಂ ಇಲ್ಲ, ಕಾಲಂ ಇಲ್ಲ. ಆದೇಶ ಮಾಡಿಸಬೇಕಾದವರು ನೀವು. ನನಗೆ ಕೋಪ ಇರುವುದು ನಿಮ್ಮ ಮೇಲೆ. ಹೌದು, ನಿಮ್ಮ ಮೇಲೆಯೇ. ಸೈನಿಕರ ಹೆಸರು ಹೇಳದೆ ನಿಮ್ಮ ಒಂದು ಭಾಷಣ ಮುಗಿಯುವುದಿಲ್ಲ. ಸೆಪ್ಟೆಂಬರ್ 23 ಬಂದರೆ ಈಗಿನ ಇಸ್ರೇಲಿನ ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ನೆನಪಾಗುತ್ತದೆ, ಹಾರ ಹಾಕುತ್ತೀರಿ. ಹಾಕಬೇಕು. 1918ರ ಆ ದಿನ ಕುದುರೆ ಏರಿ ಮೆಷಿನ್‌ಗನ್ನಿನ ಎದುರು ನುಗ್ಗಿದವರು ಅವರು. ಆದರೆ ಗೆದ್ದವನಿಗೆ ಹಾರ ಹಾಕುವುದು ಸುಲಭ. ಅದೇ ಯುದ್ಧದಲ್ಲಿ ಮುರಿದುಬಿದ್ದವನ ಹೆಸರು ಹೇಳುವುದಕ್ಕೆ ಎದೆಗಾರಿಕೆ ಬೇಕು.

ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಗೆ ಸೇರುವ ಮೂಲೆಯಲ್ಲಿ ಮದ್ರಾಸ್ ಪಯನಿಯರ್ ಪಲ್ಟನ್‌ಗಳ ಸ್ಮಾರಕ ಇದೆ. ಆ ಸಿಗ್ನಲ್ಲಿನಲ್ಲಿ ನಿಮ್ಮ ಕಾರು ಎಷ್ಟೋ ಸಲ ನಿಂತಿರುತ್ತದೆ. ಬೇಗೂರಿನ ದೇವಸ್ಥಾನದಲ್ಲಿ ಒಂಬತ್ತನೇ ಶತಮಾನದ ಕೊನೆಯ ಹೊತ್ತಿನ ಕಲ್ಲಿದೆ. ಬೆಂಗಳೂರು ಅನ್ನುವ ಹೆಸರು ನಮಗೆ ಸಿಕ್ಕಿರುವ ಹಳೆಯ ಕಡೆ ಅದೇ. ಅದೂ ಕಾಳಗದಲ್ಲಿ ಸತ್ತ ಒಬ್ಬನ ನೆನಪಿಗೆ ಹಾಕಿದ ವೀರಗಲ್ಲು. ಅವನು ದೊರೆಯಲ್ಲ. ಆದರೂ ಅವನ ಹೆಸರನ್ನು ಬಿಡಿಸಿ ಬರೆದರು. ಸಾವಿರದ ನೂರು ವರ್ಷದ ಹಿಂದೆ ಈ ಊರಿನವರಿಗೆ ಅಷ್ಟು ತಿಳಿದಿತ್ತು.

ಮಾಡಬೇಕಾದ್ದೇನು ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಲೋಕಸಭೆಯ ನಿಯಮ 377ರ ಅಡಿ ಎತ್ತಬಹುದು. ಶೂನ್ಯ ವೇಳೆ ಇದೆ. ರಕ್ಷಣಾ ಸಚಿವರಿಗೆ ಚುಕ್ಕೆ ಗುರುತಿನ ಪ್ರಶ್ನೆ ಹಾಕಬಹುದು. ಶುಕ್ರವಾರ ಮಧ್ಯಾಹ್ನ ಖಾಸಗಿ ಸದಸ್ಯರ ಮಸೂದೆ ತರಬಹುದು. ಸಂವಿಧಾನದ 72ನೇ ವಿಧಿಯಲ್ಲಿ ಕೋರ್ಟ್ ಮಾರ್ಷಲ್ ಕೊಟ್ಟ ಶಿಕ್ಷೆಯನ್ನೂ ಮನ್ನಿಸುವ ಅಧಿಕಾರ ರಾಷ್ಟ್ರಪತಿಗಳಿಗಿದೆ. ಸಂವಿಧಾನಕ್ಕಿಂತ ಹಿಂದಿನ ಶಿಕ್ಷೆಗೆ ಅದು ತಾಗುವುದಿಲ್ಲ ಅಂತ ಕಾನೂನಿನವರು ಹೇಳಿದರೆ, ನ್ಯೂಜಿಲೆಂಡಿನ ಹಾಗೆ ಒಂದು ಪುಟ್ಟ ಕಾಯ್ದೆ ತನ್ನಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ ಕಡತಗಳಿವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಆಗಿನ ಮಿಲಿಟರಿ ಇಲಾಖೆಯ ಕಡತಗಳಿವೆ. ಓದಲು ನಾಲ್ಕು ಜನರನ್ನು ಕೂರಿಸಿ. ಕನ್ನಡ, ತಮಿಳು, ತೆಲುಗು, ಉರ್ದು, ಪಂಜಾಬಿ ಬಲ್ಲವರನ್ನೇ ಕೂರಿಸಿ. ಹಳ್ಳಿಯ ಹೆಸರುಗಳನ್ನು ಇಂಗ್ಲಿಷಿನವರು ಏನೇನೋ ಬರೆದಿರುತ್ತಾರೆ, ನಮ್ಮವರಿಗೇ ಅದು ಗುರುತು ಸಿಗುವುದು.

ಎಲ್ಲ ಹೆಸರೂ ಸಿಗುವುದಿಲ್ಲ. ಅದು ನನಗೂ ಗೊತ್ತು. ನಮ್ಮ ಮುತ್ತಜ್ಜನ ಹೆಸರೇ ಸಿಗದೆ ಇರಬಹುದು. ಸಿಕ್ಕಷ್ಟು ಬರೆಯಿರಿ. ಸಿಗದವರನ್ನೂ ಸೇರಿಸಿ ಕ್ಷಮಾದಾನ ಘೋಷಿಸಿ. ಬ್ರಿಟನ್ನಿನ ಕಾಯ್ದೆಯೂ ಹೆಸರು ಹಿಡಿದು ಬರೆದಿಲ್ಲ, ಆ ಕಾಲದಲ್ಲಿ ಹಾಗೆ ಸತ್ತ ಎಲ್ಲರಿಗೂ ಅಂತಲೇ ಬರೆದಿದೆ.

ಮತ್ತೊಮ್ಮೆ ಹೇಳುತ್ತೇನೆ. ಪಟ್ಟಿ ಮಾಡಿಸಿ. ಕ್ಷಮಾದಾನ ಘೋಷಿಸಿ. ಹೆಸರು ಕೆತ್ತಿಸಿ. ಬರುವ ಅಧಿವೇಶನದಲ್ಲಿ ನಿಮ್ಮಲ್ಲಿ ಯಾರು ಇದನ್ನು ಎತ್ತುತ್ತೀರಿ ಅನ್ನುವುದನ್ನು ಬರವಣಿಗೆಯಲ್ಲಿ ತಿಳಿಸಿ. ಎತ್ತುವುದಿಲ್ಲ ಅಂತಾದರೆ ಅದನ್ನೂ ಬರವಣಿಗೆಯಲ್ಲೇ, ಕಾರಣದ ಸಮೇತ ತಿಳಿಸಿ. ಮುಂದಿನ ಪತ್ರ ರಕ್ಷಣಾ ಸಚಿವರಿಗೆ ಬರೆಯುತ್ತೇನೆ. ಅದರ ಜೊತೆ ನಿಮ್ಮ ಉತ್ತರವನ್ನೂ ಲಗತ್ತಿಸುತ್ತೇನೆ.

ಇಂತಿ ತಮ್ಮ ಮತದಾರ,
ಒಬ್ಬ ನಿವೃತ್ತ ನಾಯಬ್ ಸುಬೇದಾರ್
ಲಿಂಗರಾಜಪುರ, ಬೆಂಗಳೂರು